ಏಳು ವರ್ಷದ ಪ್ರವಾಹ ವಿಮೆ: ಒಂದು ಕ್ಲೇಮ್ ಹೋಯಿತು, ಒಂದು ಬಂತು

ಮನೆಗೆ ಪ್ರವಾಹ ವಿಮೆ ಕಟ್ಟಲು ಶುರುಮಾಡಿ ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ಎರಡು ಸಲ ನೀರು ಒಳಗೆ ಬಂತು. ಮೊದಲ ಸಲ ಬಿಡಿಗಾಸೂ ಸಿಗಲಿಲ್ಲ. ಎರಡನೇ ಸಲ ಕೇಳಿದ್ದರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬಂತು. ಆದರೂ ಪಾಲಿಸಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಕಡಿಮೆಯಾದ ಒಂದೂವರೆಯಲ್ಲಿ ಅರ್ಧ ಕಂಪನಿಯ ತಪ್ಪಿಗೆ, ಒಂದು ನನ್ನ ತಪ್ಪಿಗೆ. ಓದದೇ ಸಹಿ ಹಾಕಿದವನು ನಾನೇ ಅಲ್ವಾ.

ಕಂಪನಿಯ ಹೆಸರು ಹಾಕುತ್ತಿಲ್ಲ. ಯಾವ ಕಂಪನಿಯಾದರೂ ಕಾಗದದ ಭಾಷೆ ಹೆಚ್ಚುಕಡಿಮೆ ಒಂದೇ, ತಿಳಿಯಬೇಕಾದದ್ದು ಆ ಭಾಷೆ.

ಮನೆ ಕೊಂಡಾಗ ಗೋಡೆಗಳಿಗೆಲ್ಲ ಹೊಸ ಬಣ್ಣ ಹೊಡೆದಿತ್ತು. ಒಳ್ಳೇ ಜನ, ಬಣ್ಣ ಹೊಡೆಸಿಯೇ ಕೊಟ್ಟಿದ್ದಾರೆ ಅಂತ ಖುಷಿಪಟ್ಟಿದ್ದೆವು. ಕೆಲವು ತಿಂಗಳಾದ ಮೇಲೆ, ಹಿಂದಿನವರು ಬಿಟ್ಟುಹೋಗಿದ್ದ ಭಾರದ ಬೀರು ಸರಿಸಬೇಕಾಯಿತು. ಅದರ ಹಿಂದೆ ಮಾತ್ರ ಬಣ್ಣ ಇರಲಿಲ್ಲ. ನೆಲದಿಂದ ಮೊಳಕಾಲೆತ್ತರದಲ್ಲಿ, ದಾರ ಹಿಡಿದು ಎಳೆದ ಹಾಗೆ ಒಂದು ಕಂದು ಗೆರೆ. "ಇದು ನೀರಿನ ಗುರುತಲ್ವೇನ್ರೀ?" ಅಂದಳು ಹೆಂಡತಿ. ಎದುರುಮನೆಯ ಹಿರಿಯರನ್ನು ಕೇಳಿದೆ. "ಓ ಅದಾ, ಎರಡು ಸಲ ಬಂದಿದೆ. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ" ಅಂದರು. ಮರುದಿನವೇ ಏಜೆಂಟರಿಗೆ ಫೋನ್ ಮಾಡಿದೆ.

ಮಜಾ ಏನೆಂದರೆ, ಪ್ರವಾಹದ ನಕ್ಷೆಯಲ್ಲಿ ನಮ್ಮ ಮನೆ ಅಪಾಯದ ವಲಯದ ಹೊರಗಿತ್ತು. ಬಣ್ಣ ತುಂಬಿದ ಗಡಿ ನಮ್ಮ ಬೀದಿಗಿಂತ ಸ್ವಲ್ಪ ಆಚೆಗೇ ಮುಗಿದಿತ್ತು. ನೀರು ಆ ಗೆರೆಯ ಹತ್ತಿರ ಬಂದು ಚಪ್ಪಲಿ ಬಿಟ್ಟು ನಿಲ್ಲುತ್ತದೆ ಅನ್ನುವ ಹಾಗೆ. ಇಂಥ ನಕ್ಷೆಗಳಲ್ಲಿ ಹೆಚ್ಚಿನವು ಹೊಳೆ ಉಕ್ಕುವುದನ್ನು, ಕಡಲು ಏರುವುದನ್ನು ಲೆಕ್ಕ ಹಾಕಿ ಮಾಡಿದವು. ಜೋರು ಮಳೆಗೆ ಮೋರಿ ಸಾಲದೇ ಬೀದಿಯಲ್ಲೇ ನಿಲ್ಲುವ ನೀರು ಎಷ್ಟೋ ನಕ್ಷೆಗಳಲ್ಲಿ ಇರುವುದೇ ಇಲ್ಲ. ಮೇಲ್ಗಡೆ ಹೊಸ ಬಡಾವಣೆ ಎದ್ದು ಮಣ್ಣೆಲ್ಲ ಕಾಂಕ್ರೀಟ್ ಆಗಿರುತ್ತದೆ, ನಕ್ಷೆ ಮಾತ್ರ ಅದಕ್ಕೂ ಹಿಂದಿನದು. ಅಮೆರಿಕದ ಸರ್ಕಾರಿ ಪ್ರವಾಹ ವಿಮೆಯಲ್ಲಿ ಬಂದ ಕ್ಲೇಮುಗಳ ಪೈಕಿ ಶೇಕಡಾ 40ರ ಆಸುಪಾಸು ಹೆಚ್ಚು ಅಪಾಯದ ವಲಯದ ಹೊರಗಿನ ಮನೆಗಳದ್ದು ಅಂತ ಅಲ್ಲಿನ ಇಲಾಖೆಯೇ ಹೇಳಿದೆ. ಗಡಿಯ ಆಚೆಗಿದ್ದೇನೆ ಅಂತ ನಿದ್ದೆ ಮಾಡುವವರು ಇದನ್ನು ಇನ್ನೊಂದು ಸಲ ಓದಿ.

"ನೂರು ವರ್ಷದ ಪ್ರವಾಹ" ಅನ್ನುವ ಮಾತು ಇನ್ನೊಂದು ದೊಡ್ಡ ಮೋಸ. ಹೋದ ವರ್ಷ ಬಂತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಪ್ರತಿ ವರ್ಷ ಅಂಥ ನೆರೆ ಬರುವ ಸಾಧ್ಯತೆ ನೂರರಲ್ಲಿ ಒಂದು ಅಂತಷ್ಟೇ ಅದರ ಅರ್ಥ. ಈ ವರ್ಷ ಬಂದರೂ ಮುಂದಿನ ವರ್ಷಕ್ಕೆ ಅದೇ ನೂರರಲ್ಲಿ ಒಂದು. 30 ವರ್ಷದ ಮನೆಸಾಲ ತೀರಿಸುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಲೆಕ್ಕ ಹಾಕಿದರೆ ಶೇಕಡಾ 26. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. ಹ್ಯೂಸ್ಟನ್ ನಗರ 2015, 2016, 2017 ಹೀಗೆ ಸಾಲಾಗಿ ಮೂರು ವರ್ಷ "500 ವರ್ಷದ" ಲೆಕ್ಕದ ನೆರೆ ಕಂಡಿತು. ಲೆಕ್ಕ ಹಾಕುವುದೇ ಹಳೆಯ ಮಳೆಯ ಮೇಲೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಜಾಸ್ತಿ ತೇವ ಹಿಡಿದಿಡಬಲ್ಲದು, ಸುರಿದಾಗ ಅದೂ ಸೇರಿಯೇ ಸುರಿಯುತ್ತದೆ.

ಹಾಗಾಗಿ ನಕ್ಷೆ ನೋಡಿ, ಆದರೆ ಜೋರು ಮಳೆಯಲ್ಲಿ ಕೊಡೆ ಹಿಡಿದು ಬೀದಿಯಲ್ಲಿ ಒಂದು ಸುತ್ತು ಬನ್ನಿ. ನಾನು ಎರಡು ಮಳೆಗಾಲ ಈ ಹುಚ್ಚಾಟ ಮಾಡಿದೆ, ನೋಡಿದವರು ನಕ್ಕರು. ನೀರು ಎಲ್ಲಿ ತಿರುಗುತ್ತದೆ, ಯಾವ ಮೋರಿ ಮೊದಲು ತುಂಬುತ್ತದೆ, ಹಳ್ಳದ ಮೇಲಿನ ಕಿರುಸೇತುವೆಯ ಕೆಳಗೆ ಕಸ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲ ಕಣ್ಣಿಗೇ ಕಾಣುತ್ತದೆ. ರಸ್ತೆಗೂ ನಿಮ್ಮ ಹೊಸ್ತಿಲಿಗೂ ಎಷ್ಟು ಅಂತರ ಅಂತ ಟೇಪ್ ಹಿಡಿದು ಅಳೆಯಿರಿ. ಪ್ರತಿ ಸಲ ಹಳೆಯ ಡಾಂಬರಿನ ಮೇಲೇ ಹೊಸ ಡಾಂಬರು ಹಾಕಿದರೆ ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ಕೊಂಡಾಗ ಮೂರು ಮೆಟ್ಟಿಲಿದ್ದ ನಮ್ಮ ಬಾಗಿಲಿಗೆ ಈಗ ಎರಡೇ.

ಈಗ ಮೊದಲ ಕ್ಲೇಮಿನ ಕತೆ. ಪಾಲಿಸಿ ತಗೊಂಡು ಮೂರನೇ ವರ್ಷ. ರಾತ್ರಿಯಿಡೀ ಮಳೆ. ಬೆಳಗಾಗುವ ಮುಂಚೆ ಬಚ್ಚಲಿನ ತೂತಿನಿಂದ ಗುಳುಗುಳು ಅಂತ ಸದ್ದು, ಆಮೇಲೆ ಕಪ್ಪು ನೀರು. ಬಾಗಿಲಿನಿಂದ ಹನಿಯೂ ಬಂದಿರಲಿಲ್ಲ. ಒಳಗಿನಿಂದಲೇ ಉಕ್ಕಿ ಎರಡು ಕೋಣೆ ತುಂಬಿತು. ವಾಸನೆಯ ಬಗ್ಗೆ ಬರೆಯುವುದಿಲ್ಲ, ನೀವು ಊಟ ಮಾಡುತ್ತಾ ಓದುತ್ತಿರಬಹುದು.

ಕ್ಲೇಮ್ ಹಾಕಿದೆ. ಮೂರು ವಾರ ಬಿಟ್ಟು ಒಂದು ಪುಟದ ಉತ್ತರ ಬಂತು: ಇದು ಪ್ರವಾಹವಲ್ಲ, ಒಳಚರಂಡಿ ಹಿಮ್ಮುಖವಾಗಿ ಹರಿದದ್ದು, ಇದಕ್ಕೆ ಬೇರೆ ಸೇರ್ಪಡೆ (ಮೂಲ ಪಾಲಿಸಿಯ ಮೇಲೆ ಹೆಚ್ಚು ದುಡ್ಡು ಕಟ್ಟಿ ಪಡೆಯುವ ರಕ್ಷಣೆ) ತಗೋಬೇಕಿತ್ತು. ಮನೆಯೇ ನೀರಲ್ಲಿ ತೇಲುತ್ತಿದೆ, ಪ್ರವಾಹ ಅಲ್ಲ ಅಂತಾರಲ್ಲ ಅಂತ ಸಿಟ್ಟು ನೆತ್ತಿಗೇರಿತು. ಪಾಲಿಸಿಯ ಕಾಗದ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಅವರು ಹೇಳಿದ್ದು ಅಕ್ಷರಶಃ ಅಲ್ಲೇ ಇತ್ತು. ಸಿಟ್ಟು ಇಳಿಯಲಿಲ್ಲ, ಯಾರ ಮೇಲೆ ಅನ್ನುವುದು ಮಾತ್ರ ಬದಲಾಯಿತು.

ವಿಮೆಯವರಿಗೆ ನೀರು ಎಷ್ಟು ಬಂತು ಅನ್ನುವುದಕ್ಕಿಂತ ಯಾವ ದಾರಿಯಲ್ಲಿ ಬಂತು ಅನ್ನುವುದು ಮುಖ್ಯ. ಹೊಳೆ ಉಕ್ಕಿ ಬಂದದ್ದು ಒಂದು, ಚಾವಣಿ ಸೋರಿದ್ದು ಇನ್ನೊಂದು, ಪೈಪ್ ಒಡೆದದ್ದು ಮತ್ತೊಂದು. ಅಂತರ್ಜಲ ಏರಿ ನೆಲಮಾಳಿಗೆಯಲ್ಲಿ ಜಿನುಗಿದ್ದು, ಚರಂಡಿ ಉಕ್ಕಿದ್ದು, ಇವಕ್ಕೆಲ್ಲ ಬೇರೆ ಬೇರೆ ಸಾಲು. ಅಮೆರಿಕದ ಸರ್ಕಾರಿ ವಿಮೆಯ ಕಾಗದದಲ್ಲಿ ಪ್ರವಾಹ ಅಂದರೆ, ಸಾಮಾನ್ಯವಾಗಿ ಒಣಗಿರುವ ಎರಡು ಎಕರೆ ನೆಲವಾದರೂ ಮುಳುಗಿರಬೇಕು, ಇಲ್ಲವೇ ನಿಮ್ಮದೂ ಸೇರಿ ಕನಿಷ್ಠ ಎರಡು ಆಸ್ತಿಗಾದರೂ ನೀರು ನುಗ್ಗಿರಬೇಕು ಅಂತ ಬರೆದಿದೆ. ನಿಮ್ಮ ತಗ್ಗಿನ ಮನೆ ಒಂದಕ್ಕೇ ನೀರು ಬಂದರೆ ನೀವೊಬ್ಬರೇ ಅಳಬೇಕು.

ಸಾಮಾನ್ಯ ಮನೆವಿಮೆಯಲ್ಲಿ ನೆರೆ ಸೇರಿರುತ್ತದಾ ಅನ್ನುವುದೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸೇರಿರುವುದಿಲ್ಲ, ಬೇರೆಯೇ ತಗೋಬೇಕು. ಅದಕ್ಕೆಂದೇ 1968ರಲ್ಲಿ ಸರ್ಕಾರಿ ಯೋಜನೆ ಶುರುವಾದದ್ದು. ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ ಸೇರಿದೆ. ಫ್ರಾನ್ಸಿನಲ್ಲಿ 1982ರ ಕಾನೂನಿನಂತೆ ಎಲ್ಲರ ಆಸ್ತಿ ವಿಮೆಯ ಮೇಲೂ ಒಂದು ಹೆಚ್ಚುವರಿ ಶುಲ್ಕ ಹಾಕುತ್ತಾರೆ, ಸರ್ಕಾರ ವಿಕೋಪ ಅಂತ ಘೋಷಿಸಿದರೆ ಅದರಡಿ ಪರಿಹಾರ. ಬ್ರಿಟನ್ನಿನಲ್ಲಿ ಪದೇ ಪದೇ ಮುಳುಗುವ ಮನೆಗಳಿಗೆ ಕೈಗೆಟುಕುವ ಬೆಲೆಗೆ ವಿಮೆ ಸಿಗುವುದು ಕಷ್ಟವಾಗಿ, 2016ರಲ್ಲಿ ಫ್ಲಡ್ ರೀ ಅನ್ನುವ, ಅಂಥ ಮನೆಗಳ ನೆರೆಯ ಹೊರೆಯನ್ನು ವಿಮಾ ಕಂಪನಿಗಳಿಂದ ತಾನು ಹೊತ್ತುಕೊಳ್ಳುವ ವ್ಯವಸ್ಥೆ ಬಂತು. ಅದು 2039ರವರೆಗೆ ಮಾತ್ರ, 2009ರ ಜನವರಿ 1ರಿಂದ ಈಚೆಗೆ ಕಟ್ಟಿದ ಮನೆಗಳಿಗೆ ಇಲ್ಲ. ನೆರೆಬಯಲಲ್ಲಿ ಹೊಸದಾಗಿ ಕಟ್ಟುವವರಿಗೆ ಧೈರ್ಯ ಕೊಡಬಾರದು ಅಂತ. ನನಗದು ಸರಿಯೇ ಅನ್ನಿಸುತ್ತದೆ, ಆದರೆ ಗೊತ್ತಿಲ್ಲದೇ ಕೊಂಡವನ ಗತಿ?

ಕಾಯುವ ಅವಧಿ ಅಂತ ಒಂದಿದೆ, ಹೆಚ್ಚಿನವರು ಎಡವುವುದು ಅಲ್ಲೇ. ಟಿವಿಯಲ್ಲಿ ಚಂಡಮಾರುತದ ಸುದ್ದಿ ನೋಡಿ ಪಾಲಿಸಿ ತಗೊಂಡರೆ ಪ್ರಯೋಜನವಿಲ್ಲ. ಅಮೆರಿಕದ ಯೋಜನೆಯಲ್ಲಿ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಕಾಯಬೇಕು. ನನ್ನ ಪಾಲಿಸಿಯಲ್ಲೂ ಇತ್ತು. ಆ ದಿನಗಳಲ್ಲಿ ಮೋಡ ಕಂಡರೆ ಸಾಕು, ಎದೆ ಢವಢವ.

ವಿಮೆಯ ಮೊತ್ತ ಎಷ್ಟಿರಬೇಕು ಅನ್ನುವಲ್ಲೂ ನಾನು ಮೊದಲು ತಪ್ಪು ಮಾಡಿದ್ದೆ. ಮನೆ ಕೊಂಡ ಬೆಲೆಯನ್ನೇ ಬರೆಯಲು ಹೊರಟಿದ್ದೆ. ನೆರೆ ಬಂದರೆ ಜಾಗ ಕೊಚ್ಚಿಹೋಗುವುದಿಲ್ಲವಲ್ಲ, ಜಾಗದ ಬೆಲೆಗೆ ಪ್ರೀಮಿಯಂ ಯಾಕೆ. ಮತ್ತೆ ಕಟ್ಟಲು ಇವತ್ತು ಎಷ್ಟು ಬೇಕೋ ಅಷ್ಟು ಬರೆಯಬೇಕು. ಹಾಗಂತ ಪ್ರೀಮಿಯಂ ಉಳಿಸಲು ಕಡಿಮೆ ಬರೆದರೂ ಏಟೇ. ಕಟ್ಟಲು 100 ಬೇಕಾದ ಕಡೆ 60ಕ್ಕೆ ವಿಮೆ ಮಾಡಿಸಿದ್ದೀರಿ ಅಂತಿಟ್ಟುಕೊಳ್ಳಿ. ಹಾನಿ 20 ಆಯಿತು. 60ರೊಳಗೇ ಇದೆ, ಪೂರ್ತಿ ಕೊಡುತ್ತಾರೆ ಅಂದುಕೊಳ್ಳುತ್ತೀರಿ. ಎಷ್ಟೋ ಪಾಲಿಸಿಗಳಲ್ಲಿ ಸಿಗುವುದು 12 ಮಾತ್ರ, ಯಾಕಂದರೆ ನೀವು ವಿಮೆ ಮಾಡಿಸಿದ್ದೇ ಶೇಕಡಾ 60 ಪಾಲಿಗೆ. ಭಾರತ್ ಗೃಹ ರಕ್ಷಾದಲ್ಲಿ ಈ ಕತ್ತರಿ ಇಲ್ಲ. ನಿಮ್ಮದರಲ್ಲಿ ಇದೆಯಾ ನೋಡಿ. ಮನೆಯೊಳಗಿನ ಸಾಮಾನಿಗೆ ಬೇರೆ ಮೊತ್ತ ಇರುತ್ತದೆ, ಅದನ್ನೂ ಸುಮ್ನೆ ಅಂದಾಜಿನಲ್ಲಿ ಬರೆಯಬೇಡಿ.

ಎರಡನೇ ಸಲ ನೀರು ಬಂದದ್ದು ಐದನೇ ವರ್ಷ. ಈ ಸಲ ಹಳ್ಳವೇ ಉಕ್ಕಿತು, ಇಡೀ ಬೀದಿ ಮುಳುಗಿತು. ವಿಮೆಯ ಭಾಷೆಯಲ್ಲಿ ಹೇಳುವುದಾದರೆ ಅಸಲಿ ಪ್ರವಾಹ! ಮೇನ್ ಸ್ವಿಚ್ ಆರಿಸಿ ಎಲ್ಲರೂ ಮೇಲಿನ ಮಹಡಿಗೆ ಹೋದೆವು. ಪಕ್ಕದ ಬೀದಿಯವರೊಬ್ಬರು ಕಾರು ಉಳಿಸಲು ಹೋಗಿ ಕಷ್ಟಪಟ್ಟು ಪ್ರಾಣ ಉಳಿಸಿಕೊಂಡರು. ರಭಸದಿಂದ ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ಸಾಕು, ದೊಡ್ಡವರನ್ನೂ ಬೀಳಿಸುತ್ತದೆ. 60 ಸೆಂಟಿಮೀಟರ್ ಆದರೆ ಹೆಚ್ಚಿನ ಕಾರುಗಳು ತೇಲಿಕೊಂಡು ಹೋಗುತ್ತವೆ. ಕಾರಿನ ಹಾನಿ ಹೇಗೂ ಮನೆವಿಮೆಯಲ್ಲಿ ಬರುವುದಿಲ್ಲ, ಅದು ವಾಹನ ವಿಮೆಯ ಲೆಕ್ಕ.

ಈ ಸಲ ನಾನು ಬುದ್ಧಿವಂತನಾಗಿದ್ದೆ. ಪ್ರತಿ ಮಳೆಗಾಲದ ಮುಂಚೆ ಮನೆಯ ಪ್ರತಿ ಕೋಣೆಯ ವಿಡಿಯೋ ಮಾಡಿ, ಫ್ರಿಜ್ಜು, ವಾಷಿಂಗ್ ಮಷೀನಿನ ಹಿಂದಿನ ಸಂಖ್ಯೆಗಳ ಫೋಟೋ ತೆಗೆದು, ಬಿಲ್ಲುಗಳ ಜೊತೆ ಮನೆಯಿಂದ ಹೊರಗೆ ಇನ್ನೊಂದು ಕಡೆ ಇಡುತ್ತಿದ್ದೆ. ನೀರು ಇಳಿಯುವ ಮೊದಲೇ ಕಂಪನಿಗೆ ತಿಳಿಸಿದೆ. ಸರ್ವೇಯರ್, ಅಂದರೆ ಹಾನಿ ಎಷ್ಟು ಅಂತ ಅಳೆಯುವವರು, ಬರುವವರೆಗೆ ಏನೂ ಮುಟ್ಟಬೇಡಿ ಅಂದರು ಫೋನಿನಲ್ಲಿ. ಬರಲು ಆರು ದಿನ ತಗೊಂಡರು! ಒದ್ದೆ ಗೋಡೆಗೆ, ಹಾಸಿಗೆಗೆ ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು. ಬೂಷ್ಟು ಹಿಡಿದ ಮೇಲೆ, ಒಣಗಿಸದೇ ಬಿಟ್ಟದ್ದು ನಿಮ್ಮ ತಪ್ಪು ಅನ್ನುವವರೂ ಅವರೇ. ಅರ್ಧ ಸ್ಟಾರ್ ಕತ್ತರಿಸಿದ್ದು ಇದಕ್ಕೇ. ಆಮೇಲೆ ಗೊತ್ತಾದದ್ದು, ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ ಅಂತ ಪಾಲಿಸಿಯಲ್ಲೇ ಬರೆದಿದೆ. ನಾವು ಮಾಡಿದ್ದಿಷ್ಟು: ಗೋಡೆಯ ಮೇಲಿನ ನೀರಿನ ಮಟ್ಟದ ಪಕ್ಕ ಟೇಪ್ ಹಿಡಿದು ಫೋಟೋ, ಪ್ರತಿ ವಸ್ತುವಿನ ಫೋಟೋ, ಹಾಸಿಗೆ, ಕಾರ್ಪೆಟ್ಟಿನ ಒಂದೊಂದು ತುಂಡು ಕತ್ತರಿಸಿ ಚೀಲದಲ್ಲಿ. ಒಣಗಿಸುತ್ತಿದ್ದೇವೆ ಅಂತ ಕಂಪನಿಗೆ ಇಮೇಲ್. ಆಮೇಲೆ ಕೆಸರು ಎತ್ತಿದೆವು. ಬಂದ ಸರ್ವೇಯರ್ ಮಾತ್ರ ಸಂಭಾವಿತರು, ಬೀರು ಸರಿಸಿ ತೋರಿಸಿದೆ. ಹಳೆಯ ಗೆರೆಗಿಂತ ನಾಲ್ಕು ಬೆರಳು ಮೇಲೆ ಹೊಸ ಗೆರೆ. ಎರಡನ್ನೂ ಅಳೆದು ಬರೆದುಕೊಂಡರು.

ದುಡ್ಡು ಬರಲು ನಾಲ್ಕು ತಿಂಗಳು. ಕಡಿಮೆಯಾದ ಒಂದು ಪಾಲಿನಲ್ಲಿ ದೊಡ್ಡ ಭಾಗ ಸವಕಳಿ. ಎಂಟು ವರ್ಷ ಹಳೆಯ ಫ್ರಿಜ್ಜಿಗೆ ಎಂಟು ವರ್ಷ ಹಳೆಯ ಫ್ರಿಜ್ಜಿನ ಬೆಲೆಯೇ ಕಟ್ಟಿದರು, ಅಂಗಡಿಯವನು ಮಾತ್ರ ಹೊಸದರ ಬೆಲೆ ಕೇಳುತ್ತಾನೆ. ಹೊಸದಕ್ಕೆ ಹೊಸದು ಕೊಡುವ ಪಾಲಿಸಿಗಳೂ ಇವೆ, ಪ್ರೀಮಿಯಂ ಜಾಸ್ತಿ. ಆಮೇಲೆ ಮೊದಲ ಇಷ್ಟು ಭಾಗ ನೀವೇ ಹಾಕಿಕೊಳ್ಳಬೇಕು ಅನ್ನುವ ಕಡಿತ. ಪ್ರೀಮಿಯಂ ಕಡಿಮೆಯಾಗಲಿ ಅಂತ ಅದನ್ನು ನಾನೇ ದೊಡ್ಡದು ಮಾಡಿಸಿದ್ದೆ. ಕಾಂಪೌಂಡ್ ಗೋಡೆ, ತೋಟ, ಬೀರುವಿನಲ್ಲಿದ್ದ ನಗದು, ಯಾವುದಕ್ಕೂ ಇಲ್ಲ. ಮನೆ ಒಣಗುವವರೆಗೆ ಬಾಡಿಗೆಗೆ ಇದ್ದೆವಲ್ಲ, ಆ ಬಾಡಿಗೆಯೂ ನಮ್ಮ ಪಾಲಿಸಿಯಲ್ಲಿ ಇರಲಿಲ್ಲ. ಇಷ್ಟೆಲ್ಲ ಬೈದರೂ, ಆ ಮೂರರಲ್ಲಿ ಎರಡು ಪಾಲು ಬರದಿದ್ದರೆ ಸಾಲ ಮಾಡಿಯೇ ನೆಲ, ಬಾಗಿಲು, ವೈರಿಂಗ್ ಮಾಡಿಸಬೇಕಿತ್ತು. ಪಕ್ಕದ ಎರಡು ಮನೆಯವರು ಹಾಗೇ ಮಾಡಿದರು, ಇನ್ನೂ ತೀರಿಸುತ್ತಿದ್ದಾರೆ.

ದುರಸ್ತಿ ಮಾಡಿಸುವಾಗ ಸಾಕೆಟ್ಟುಗಳನ್ನು ಸೊಂಟದೆತ್ತರಕ್ಕೆ ಏರಿಸಿದೆವು. ಚರಂಡಿ ಪೈಪಿಗೆ ಒಂದೇ ದಿಕ್ಕಿಗೆ ಹರಿಯುವ ವಾಲ್ವ್ ಹಾಕಿಸಿದೆವು. ಮೂರನೇ ವರ್ಷವೇ ಇದು ಇದ್ದಿದ್ದರೆ ಆ ಕಪ್ಪು ನೀರು ಬರುತ್ತಲೇ ಇರಲಿಲ್ಲ. ಕೆಳಗಿನ ಕೋಣೆಗೆ ಮರದ ನೆಲ ತೆಗೆದು ಟೈಲ್ಸ್. ಚರಂಡಿ ಉಕ್ಕುವುದರ ಸೇರ್ಪಡೆಯನ್ನೂ ತಗೊಂಡೆ, ನೋಡಿದರೆ ಅದು ಇಡೀ ಪ್ರೀಮಿಯಂನಲ್ಲಿ ಸಣ್ಣ ಚೂರು.

ಕ್ಲೇಮ್ ಆದ ಮುಂದಿನ ವರ್ಷ ಪ್ರೀಮಿಯಂ ಏರಿತು. ನಿರೀಕ್ಷಿಸಿದ್ದೆ, ಆದರೂ ನೋಡಿದಾಗ ಕಣ್ಣು ಉರಿಯಿತು. ಮುಂದಿನ ತಿಂಗಳು ಮತ್ತೆ ನವೀಕರಣ. ಈ ಸಲ ಮೂರು ಪ್ರಶ್ನೆ ಬರೆದು ಕಳಿಸಿದ್ದೇನೆ: ವಾಲ್ವ್, ಸಾಕೆಟ್ಟಿನ ಕೆಲಸಕ್ಕೆ ರಿಯಾಯಿತಿ ಇದೆಯಾ, ಬಾಡಿಗೆ ಖರ್ಚು ಸೇರಿಸಿದರೆ ಎಷ್ಟು ಏರುತ್ತದೆ, ಸರ್ವೇಯರ್ ಎಷ್ಟು ದಿನದೊಳಗೆ ಬರುತ್ತಾರೆ ಅಂತ ಬರೆದುಕೊಡುತ್ತೀರಾ. ಏಜೆಂಟರು ಫೋನಿನಲ್ಲಿ "ಅದೆಲ್ಲ ಆಗುತ್ತೆ ಸಾರ್" ಅಂದರು. ಬರೆದೇ ಕೊಡಿ ಅಂದಿದ್ದೇನೆ. ಉತ್ತರ ಬಂದರೆ ಇದರ ಕೆಳಗೇ ಸೇರಿಸುತ್ತೇನೆ.