ಚಿಪ್ಪೋ ಹಚ್ಚೆಯೋ: ಎರಡನ್ನೂ ಹಾಕಿಸಿ ನೋಡಿದ ಮೇಲೆ

ಕಳೆದುಹೋದ ನಾಯಿ ಯಾರ ಕೈಗೆ ಸಿಗುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ದಾರಿಯಲ್ಲಿ ಹೋಗುವವರಿಗೆ ಸಿಗಬಹುದು. ಪಶುವೈದ್ಯರ ಮೇಜಿನ ಮೇಲೆ ಬರಬಹುದು. ಪ್ರಾಣಿಗಳ ಆಶ್ರಯಧಾಮ ಸೇರಬಹುದು. ಕದ್ದವರ ಮನೆಯಲ್ಲೇ ಉಳಿದುಬಿಡಬಹುದು. ಶಾಶ್ವತ ಗುರುತಿಗೆ ಮೈಕ್ರೋಚಿಪ್ ಒಳ್ಳೆಯದಾ, ಹಚ್ಚೆ ಒಳ್ಳೆಯದಾ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಾಯಿ ಸಿಕ್ಕವರ ಕೈಯಲ್ಲಿ ಏನಿರುತ್ತದೆ, ಅವರ ಕಣ್ಣಿಗೆ ಏನು ಬೀಳುತ್ತದೆ ಅನ್ನುವುದನ್ನು ಮೊದಲು ಯೋಚಿಸಿ. ನಮ್ಮ ಎರಡು ನಾಯಿಗಳಲ್ಲಿ ಬೆಳ್ಳಿಗೆ ಒಳತೊಡೆಯ ಮೇಲೆ ಹಚ್ಚೆ ಇದೆ. ಕರಿಯನಿಗೆ ಹೆಗಲುಗಳ ನಡುವೆ ಚಿಪ್ ಇದೆ. ಆಮೇಲೆ ಬೆಳ್ಳಿಗೂ ಚಿಪ್ ಹಾಕಿಸಿದೆವು. ಹಾಗಾಗಿ ಎರಡನ್ನೂ ವರ್ಷಗಟ್ಟಲೆ ಹತ್ತಿರದಿಂದ ನೋಡುತ್ತಿದ್ದೇನೆ.

ಹಾಕಿಸುವ ಕೆಲಸದಲ್ಲಿ ಚಿಪ್ ತುಂಬಾ ಸುಲಭ. ಅದು ಒಳಗೆ ಒಂದು ಗುರುತಿನ ಸಂಖ್ಯೆ ಇರುವ, ಅಕ್ಕಿಕಾಳಿನಷ್ಟು ದೊಡ್ಡ ಗಾಜಿನ ಕೊಳವೆ. ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಇನ್ನೂ ಚಿಕ್ಕದಾದ, 8 ಮಿಲಿಮೀಟರ್ ಉದ್ದದ್ದೂ ಸಿಗುತ್ತದೆ. ಲಸಿಕೆಯ ಸೂಜಿಗಿಂತ ದಪ್ಪದ ಸೂಜಿಯಲ್ಲಿ ಅದನ್ನು ಚರ್ಮದ ಕೆಳಗೆ ಇಳಿಸುತ್ತಾರೆ. ಅರಿವಳಿಕೆ ಬೇಡ. ಕರಿಯ ಮರಿಯಾಗಿದ್ದಾಗ ಲಸಿಕೆಗೆ ಹೋದ ದಿನವೇ ಹಾಕಿಸಿದೆವು. ಒಮ್ಮೆ ಕುಂಯ್ ಅಂದ, ತಿಂಡಿ ಕೊಟ್ಟ ಮೇಲೆ ಮರೆತ. ವೈದ್ಯರು ಚುಚ್ಚುವ ಮೊದಲು ಅವನ ಮೈಮೇಲೆಲ್ಲ ಸ್ಕ್ಯಾನರ್ ಆಡಿಸಿದರು, ಮೊದಲೇ ಚಿಪ್ ಇದೆಯಾ ಅಂತ. ಪೊಟ್ಟಣದಲ್ಲಿದ್ದ ಚಿಪ್ಪನ್ನೂ ಓದಿದರು. ಚುಚ್ಚಿದ ಮೇಲೆ ಇನ್ನೊಮ್ಮೆ ಓದಿ, ಅಂಟುಚೀಟಿಯ ಮೇಲಿನ ಸಂಖ್ಯೆಯ ಜೊತೆ ತಾಳೆ ನೋಡಿದರು. ನಿಮ್ಮ ವೈದ್ಯರು ಈ ಮೂರನ್ನೂ ಮಾಡದಿದ್ದರೆ ನೀವೇ ಕೇಳಿ ಮಾಡಿಸಿಕೊಳ್ಳಿ. ಬೇಸರ ಮಾಡಿಕೊಳ್ಳುವಂಥ ಮಾತಲ್ಲ ಅದು.

ಹಚ್ಚೆಗೆ ಎರಡು ದಾರಿ ಇವೆ. ಕಿವಿಗಾದರೆ ಅಂಕಿಯ ಆಕಾರದಲ್ಲಿ ಮುಳ್ಳು ಜೋಡಿಸಿದ ಇಕ್ಕುಳದಿಂದ ಒಮ್ಮೆಲೇ ಒತ್ತಿ, ಮೇಲೆ ಶಾಯಿ ತಿಕ್ಕುತ್ತಾರೆ. ಹೊಟ್ಟೆಗೆ ಅಥವಾ ಒಳತೊಡೆಗಾದರೆ ಮನುಷ್ಯರಿಗೆ ಹಾಕುವ ಹಾಗೆ ವಿದ್ಯುತ್ ಪೆನ್ನಿನಲ್ಲಿ ಬರೆಯುತ್ತಾರೆ. ಎರಡೂ ನೋಯುತ್ತವೆ. ಪೆನ್ನಿನ ಕೆಲಸಕ್ಕೆ ನಾಯಿ ಅಲ್ಲಾಡದೆ ಮಲಗಿರಬೇಕು. ಬೆಳ್ಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದಾಗ, ಅದೇ ಅರಿವಳಿಕೆಯಲ್ಲಿ ಹಾಕಿಸಿದ್ದೆವು. ಎದ್ದ ಮೇಲೆ ಆ ಜಾಗ ಸ್ವಲ್ಪ ಊದಿತ್ತು, ಕೆಂಪಾಗಿತ್ತು. ನೆಕ್ಕದಂತೆ ಹೇಗೂ ಕೊರಳಿಗೆ ಕೋನ್ ಕಟ್ಟಿದ್ದರು, ಹಾಗಾಗಿ ಬೇಗ ವಾಸಿಯಾಯಿತು. ಇಲ್ಲಿ ನನ್ನ ಮಾತು ಗಟ್ಟಿ: ಬರೀ ಹಚ್ಚೆಗೋಸ್ಕರ ನಾಯಿಗೆ ಅರಿವಳಿಕೆ ಕೊಡಿಸಬೇಡಿ. ಬೇರೆ ಕಾರಣಕ್ಕೆ ಕೊಡುವಾಗ ಜೊತೆಗೆ ಆಗುವುದಾದರೆ ಮಾತ್ರ ಯೋಚಿಸಿ.

ನಿಜವಾದ ವ್ಯತ್ಯಾಸ ಗೊತ್ತಾಗುವುದು ಓದುವಾಗ.

ಹಚ್ಚೆಯ ದೊಡ್ಡ ಬಲ ಅಂದರೆ ಅದಕ್ಕೆ ಯಂತ್ರ ಬೇಡ. ಕಣ್ಣಿದ್ದರೆ ಸಾಕು. ಹೊಸದರಲ್ಲಿ ಬೆಳ್ಳಿಯ ಅಂಕಿಗಳು ಅಚ್ಚು ಹಾಕಿದಷ್ಟು ಸ್ಪಷ್ಟವಾಗಿದ್ದವು. ವರ್ಷ ಕಳೆದಂತೆ ಶಾಯಿ ಹರಡಿತು. ಈಗ ಒಂದು ಅಂಕಿ ಮೂರೋ ಎಂಟೋ ಹೇಳುವುದು ಕಷ್ಟ. ಕೂದಲು ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚರ್ಮ ಎಳೆದು ಹಿಡಿದು, ಟಾರ್ಚ್ ಬಿಟ್ಟು ನೋಡಬೇಕು. ಒಬ್ಬರು ಅವಳನ್ನು ಮಲಗಿಸಿ ಹಿಡಿಯಬೇಕು, ಇನ್ನೊಬ್ಬರು ಓದಬೇಕು. ಮರಿಯಾಗಿದ್ದಾಗಲೇ ಹಾಕಿಸಿದರೆ ಇನ್ನೂ ಕಷ್ಟ. ಮೈ ಬೆಳೆದಂತೆ ಅಂಕಿಯೂ ಹಿಗ್ಗಿ ಮಸುಕಾಗುತ್ತದೆ. ಬೆಳ್ಳಿಯ ಒಳತೊಡೆ ತಿಳಿ ಬಣ್ಣದ್ದು, ಅದಕ್ಕೇ ಇಷ್ಟಾದರೂ ಕಾಣುತ್ತದೆ. ಕರಿಯನ ಚರ್ಮದ ಮೇಲೆ ಕಪ್ಪು ಶಾಯಿ ಹಾಕಿದ್ದರೆ ಏನೂ ಕಾಣುತ್ತಿರಲಿಲ್ಲ. ಕಪ್ಪು ಚರ್ಮಕ್ಕೆ ಹಸಿರು ಶಾಯಿ ಬಳಸುವುದು ಅದಕ್ಕೇ.

ಇನ್ನೂ ಒಂದು ವಿಷಯವಿದೆ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಬೆಳ್ಳಿ ನಮ್ಮ ಮುಂದೆ ಅಂಗಾತ ಹೊರಳುತ್ತಾಳೆ. ಗುರುತಿಲ್ಲದವರ ಮುಂದೆ, ಅದೂ ದಾರಿ ತಪ್ಪಿ ಹೆದರಿಕೊಂಡಿರುವಾಗ, ಅವಳು ತೊಡೆ ತೋರಿಸುತ್ತಾಳಾ? ಖಂಡಿತ ಇಲ್ಲ. ಬಲವಂತ ಮಾಡಿದರೆ ಕಚ್ಚಲೂಬಹುದು. ಕಿವಿಯ ಹಚ್ಚೆ ಸುಲಭವಾಗಿ ಕಾಣುತ್ತದೆ ನಿಜ. ಆದರೆ ಗುರುತು ಅಳಿಸಬೇಕೆನ್ನುವ ಕಳ್ಳ ಕಿವಿಯನ್ನೇ ಕತ್ತರಿಸಬಹುದು. ತೊಡೆಯ ಹಚ್ಚೆಗೆ ಆ ಭಯವಿಲ್ಲ, ಆದರೆ ಅಲ್ಲಿ ಹುಡುಕಬೇಕು ಅಂತ ಸಿಕ್ಕವರಿಗೆ ಹೊಳೆಯಬೇಕಲ್ಲ.

ಚಿಪ್ಪಿನ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು. ಅದರಲ್ಲಿ ಬ್ಯಾಟರಿ ಇಲ್ಲ. ಸ್ಕ್ಯಾನರ್ ಹತ್ತಿರ ಬಂದಾಗ ಅದರ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಹೇಳುತ್ತದೆ, ಅಷ್ಟೇ. ನಾಯಿ ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಜಿಪಿಎಸ್ ಬೇರೆ, ಇದು ಬೇರೆ. ಸ್ಕ್ಯಾನರ್ ಇದ್ದರೆ ಅಂಕಿಯಲ್ಲಿ ಅನುಮಾನವೇ ಇಲ್ಲ, ಹದಿನೈದೂ ಅಂಕಿ ಪರದೆಯ ಮೇಲೆ ಬರುತ್ತವೆ. ಸ್ಕ್ಯಾನರ್ ಇಲ್ಲದವರಿಗೆ ಮಾತ್ರ ಚಿಪ್ ಇದೆ ಅನ್ನುವುದೇ ತಿಳಿಯುವುದಿಲ್ಲ.

ಸ್ಕ್ಯಾನರ್ ಇದ್ದರೂ ಆಡಿಸುವ ಕೈಗೆ ತಾಳ್ಮೆ ಬೇಕು. ಬೆಳ್ಳಿಯನ್ನು ಒಮ್ಮೆ ಬೇರೆ ಕಡೆ ತಪಾಸಣೆಗೆ ಕರೆದುಕೊಂಡು ಹೋಗಿದ್ದಾಗ, ಅಲ್ಲಿನವರು ಹೆಗಲ ನಡುವೆ ಬೇಗ ಬೇಗ ಆಡಿಸಿ "ಚಿಪ್ ಇಲ್ಲ" ಅಂದುಬಿಟ್ಟರು. ಇದೆ, ಇನ್ನೊಮ್ಮೆ ನೋಡಿ ಅಂದೆ. ನಿಧಾನವಾಗಿ ಪಕ್ಕಕ್ಕೆ ಇಳಿಸಿದಾಗ ಎಡ ಭುಜದ ಹತ್ತಿರ ಸಿಕ್ಕಿತು. ಚಿಪ್ ಚರ್ಮದ ಕೆಳಗೆ ಹೀಗೆ ಜಾರುವುದುಂಟು. ಕೆಲವು ಚಿಪ್ಪುಗಳಿಗೆ ಜಾರದಂತೆ ವಿಶೇಷ ಲೇಪನವೂ ಇರುತ್ತದೆ. ಆದರೂ ಕತ್ತು, ಭುಜ, ಎದೆ, ಮುಂಗಾಲಿನ ತನಕ ಆಡಿಸಿ ನೋಡುವುದೇ ಸರಿಯಾದ ಕ್ರಮ. ಲೋಹದ ಕಾಲರ್ ಇದ್ದರೆ ಮೊದಲು ತೆಗೆಯಬೇಕು, ಅದು ಅಡ್ಡಿ ಮಾಡುತ್ತದೆ.

ರೇಡಿಯೋ ಅಲೆಯ ಆವರ್ತನದ (ಫ್ರೀಕ್ವೆನ್ಸಿಯ) ವಿಷಯವೂ ಇದೆ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11784 ಮತ್ತು 11785ರ ಪ್ರಕಾರ ಮಾಡಿದ ಚಿಪ್ 134.2 ಕಿಲೋಹರ್ಟ್ಝ್‌ನಲ್ಲಿ ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಹಿಂದೆ 125 ಕಿಲೋಹರ್ಟ್ಝ್ ಚಿಪ್ಪುಗಳೂ ಚಾಲ್ತಿಯಲ್ಲಿದ್ದವು, ಅವನ್ನು ಎಲ್ಲ ಸ್ಕ್ಯಾನರ್‌ಗಳೂ ಓದುವುದಿಲ್ಲ. ಹೊಸದಾಗಿ ಹಾಕಿಸುವವರು ಹದಿನೈದು ಅಂಕಿಯ ಐಎಸ್‌ಒ ಚಿಪ್ಪನ್ನೇ ಕೇಳಿ. ಬೇರೆ ಯಾವುದನ್ನೂ ಒಪ್ಪಬೇಡಿ.

ಸಂಖ್ಯೆ ಸಿಕ್ಕಿತು ಅಂತಿಟ್ಟುಕೊಳ್ಳಿ. ಅದರಿಂದ ನಮ್ಮ ಫೋನ್ ಹೊಡೆದುಕೊಳ್ಳಬೇಕಲ್ಲ? ಹಚ್ಚೆ ತುಂಬಾ ಹಿಂದೆ ಬೀಳುವುದು ಇಲ್ಲೇ. ಚಿಪ್ಪಿನ ಮೊದಲ ಮೂರು ಅಂಕಿ ದೇಶವನ್ನೋ ತಯಾರಕರನ್ನೋ ಸೂಚಿಸುತ್ತವೆ. ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂದು ಒಂದು ದಾರಿ ಸಿಗುತ್ತದೆ. ಬೆಳ್ಳಿಯ ತೊಡೆಯ ಸಂಖ್ಯೆ ನೋಡಿದವರು ಯಾರಿಗೆ ಫೋನ್ ಮಾಡಬೇಕು? ಅದು ಯಾವ ದಾಖಲೆಯ ಸಂಖ್ಯೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅಮೆರಿಕದಲ್ಲಿ ಒಂದು ಕಾಲಕ್ಕೆ ಹಲವರು ನಾಯಿಗೆ ತಮ್ಮ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೇ, ಅಂದರೆ ಅಲ್ಲಿನ ಸರ್ಕಾರ ಜನರಿಗೆ ಕೊಡುವ ಗುರುತಿನ ಸಂಖ್ಯೆಯನ್ನೇ, ಹಾಕಿಸುತ್ತಿದ್ದರು. ಆ ಸಂಖ್ಯೆ ಹಿಡಿದು ಮಾಲೀಕರನ್ನು ಹುಡುಕಲು ಸಾಮಾನ್ಯರಿಗೆ ದಾರಿಯಿಲ್ಲ, ಮೇಲಾಗಿ ಗುಟ್ಟಾಗಿ ಇರಬೇಕಾದ ಸಂಖ್ಯೆ ಎಲ್ಲರ ಕಣ್ಣಿಗೆ ಬೀಳುತ್ತದೆ.

ಹಚ್ಚೆ ಚೆನ್ನಾಗಿ ನಡೆಯುವುದು ಎಲ್ಲರಿಗೂ ಒಂದೇ ಪದ್ಧತಿ ಗೊತ್ತಿರುವ ಕಡೆ. ಅಮೆರಿಕದ ರೇಸಿನ ಗ್ರೇಹೌಂಡ್‌ಗಳ ಎಡಗಿವಿಯಲ್ಲಿ ಸೂಲಿನ ನೋಂದಣಿ ಸಂಖ್ಯೆ, ಬಲಗಿವಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ಸೂಲಿನಲ್ಲಿ ಎಷ್ಟನೆಯ ಮರಿ ಅನ್ನುವ ಗುರುತು ಇರುತ್ತದೆ. ಬಲ್ಲವರು ಕಿವಿ ತಿರುಗಿಸಿದರೆ ನಾಯಿಯ ಜಾತಕವೇ ಸಿಗುತ್ತದೆ. ಫ್ರಾನ್ಸಿನಲ್ಲಿ ಹಚ್ಚೆಯ ಸಂಖ್ಯೆಗೂ ಚಿಪ್ಪಿನ ಸಂಖ್ಯೆಗೂ ಒಂದೇ ರಾಷ್ಟ್ರೀಯ ದಾಖಲೆ ಇದೆ. ಅಂಥ ಏರ್ಪಾಡು ಇದ್ದರೆ ಹಚ್ಚೆಗೂ ಅರ್ಥವಿದೆ.

ಚಿಪ್ಪಿಗೂ ನೋಂದಣಿಯೇ ಜೀವ, ಅಂದರೆ ಅದರ ಸಂಖ್ಯೆಯ ಜೊತೆ ನಮ್ಮ ಹೆಸರು, ಫೋನ್ ನಂಬರ್ ದಾಖಲೆಯಲ್ಲಿ ಇರಬೇಕು. 2009ರಲ್ಲಿ ಅಮೆರಿಕದ ಪಶುವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 53 ಆಶ್ರಯಧಾಮಗಳಿಗೆ ಬಂದ, ಚಿಪ್ ಇದ್ದ 7,700ಕ್ಕೂ ಹೆಚ್ಚು ಪ್ರಾಣಿಗಳ ಲೆಕ್ಕ ಅದು. ದಾರಿ ತಪ್ಪಿ ಬಂದ ನಾಯಿಗಳನ್ನು, ಚಿಪ್ ಇದ್ದವು, ಇಲ್ಲದವು ಎಲ್ಲ ಸೇರಿಸಿ ನೋಡಿದರೆ ಶೇಕಡ 21.9ರಷ್ಟು ಮಾತ್ರ ಮನೆ ಸೇರಿದ್ದವು. ಚಿಪ್ ಇದ್ದ ನಾಯಿಗಳಲ್ಲಿ ಶೇಕಡ 52.2 ಮನೆ ಸೇರಿದ್ದವು. ಈ ಅಂಕಿ ಓದಿದಾಗ ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಚಿಪ್ ಇದ್ದೂ ಉಳಿದ ಅರ್ಧದಷ್ಟು ನಾಯಿಗಳು ಮನೆಗೆ ಹೋಗಲಿಲ್ಲವಲ್ಲ! ಮಾಲೀಕರು ಸಿಗದೆ ಹೋದದ್ದಕ್ಕೆ ಅಲ್ಲಿ ಕಂಡ ಮುಖ್ಯ ಕಾರಣ ತಪ್ಪಾಗಿದ್ದ ಅಥವಾ ಕಡಿದುಹೋಗಿದ್ದ ಫೋನ್ ನಂಬರ್.

ಪ್ರಯಾಣ, ಕಾನೂನುಗಳ ವಿಷಯದಲ್ಲಿ ಹೋಲಿಸಲು ಏನೂ ಉಳಿದಿಲ್ಲ. ಐರೋಪ್ಯ ಒಕ್ಕೂಟಕ್ಕೆ ನಾಯಿಯನ್ನು ಕರೆದೊಯ್ಯಲು ಚಿಪ್ ಬೇಕೇ ಬೇಕು. 2011ರ ಜುಲೈ 3ಕ್ಕಿಂತ ಮೊದಲು ಹಾಕಿಸಿದ, ಈಗಲೂ ಸ್ಪಷ್ಟವಾಗಿ ಓದಬಹುದಾದ ಹಚ್ಚೆಗಷ್ಟೇ ರಿಯಾಯಿತಿ. ರೇಬೀಸ್ ಲಸಿಕೆಗೆ ಮೊದಲೇ ಚಿಪ್ ಹಾಕಿಸಿರಬೇಕು, ಇಲ್ಲದಿದ್ದರೆ ಆ ಲಸಿಕೆ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ನಾಯಿಗಳಿಗೆ ಚಿಪ್ ಕಡ್ಡಾಯ.

ಚಿಪ್ ಹಾಕಿದ ಜಾಗದಲ್ಲಿ ಗಡ್ಡೆ ಬೆಳೆಯುತ್ತದಂತೆ ಅಂತ ಹೆದರುವವರಿದ್ದಾರೆ. ನಾಯಿಗಳಲ್ಲಿ ಅಂಥ ಪ್ರಕರಣಗಳು ವರದಿಯಾಗಿರುವುದು ತೀರಾ ಅಪರೂಪ. ನಾನು ಇಬ್ಬರ ಮೈ ತಿಕ್ಕುವಾಗಲೂ ಬೆರಳಾಡಿಸಿ ನೋಡುತ್ತೇನೆ, ಇಲ್ಲಿಯವರೆಗೆ ಏನೂ ಇಲ್ಲ.

ಹಾಗಾದರೆ ನನ್ನ ಆಯ್ಕೆ? ಚಿಪ್. ಕರಿಯನಿಗೆ ಹಚ್ಚೆ ಹಾಕಿಸುವುದಿಲ್ಲ. ಆದರೆ ಒಂದು ಹಚ್ಚೆಯನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ಸಂತಾನಹರಣ ಮಾಡಿದ ಹೆಣ್ಣುನಾಯಿಗೆ ಹೊಲಿಗೆಯ ಹತ್ತಿರ ಎಳೆಯುವ ಚಿಕ್ಕ ಹಸಿರು ಗೆರೆ. ಅದರಲ್ಲಿ ಅಂಕಿಯೂ ಇಲ್ಲ, ದಾಖಲೆಯೂ ಬೇಡ. ಆ ನಾಯಿ ಮುಂದೆ ಯಾರ ಕೈಗೆ ಹೋದರೂ, ಗೆರೆ ನೋಡಿದ ವೈದ್ಯರು ಸುಮ್ನೆ ಇನ್ನೊಮ್ಮೆ ಹೊಟ್ಟೆ ಕೊಯ್ಯುವುದಿಲ್ಲ.

ಇಷ್ಟಾದರೂ ದಾರಿಯಲ್ಲಿ ನಾಯಿ ಹಿಡಿದು ನಿಂತವರ ಕೈಯಲ್ಲಿ ಸ್ಕ್ಯಾನರ್ ಇರುವುದಿಲ್ಲ. ಅವರಿಗೋಸ್ಕರ ಇಬ್ಬರ ಕಾಲರ್‌ಗೂ ಫೋನ್ ನಂಬರ್ ಕೆತ್ತಿದ ಬಿಲ್ಲೆ ಇದೆ, ಅದರ ಹಿಂದೆ "ಚಿಪ್ ಇದೆ" ಅಂತಲೂ ಬರೆಸಿದ್ದೇವೆ. ಬಿಲ್ಲೆ ಬಿದ್ದುಹೋಗುತ್ತದೆ, ಹೌದು. ಬಿದ್ದಾಗ ಹೊಸದು ಹಾಕುತ್ತೇವೆ. ಪ್ರತಿ ವರ್ಷ ಲಸಿಕೆಗೆ ಹೋದಾಗ ಚಿಪ್ ಓದುತ್ತಿದೆಯಾ, ಎಲ್ಲಿದೆ ಅಂತ ನೋಡಿಸುತ್ತೇವೆ. ಅದೇ ದಿನ ನೋಂದಣಿಯಲ್ಲಿ ನಮ್ಮ ನಂಬರ್ ಸರಿಯಾಗಿದೆಯಾ ಅಂತಲೂ ನೋಡುತ್ತೇವೆ. ಜೊತೆಗೆ ಮನೆಯವರಲ್ಲದ ಇನ್ನೊಬ್ಬರ ನಂಬರನ್ನೂ ಕೊಟ್ಟಿದ್ದೇವೆ, ನಮ್ಮ ಫೋನ್ ಆಫ್ ಆಗಿದ್ದರೆ ಅವರಾದರೂ ಎತ್ತಲಿ ಅಂತ.