ಎಸ್.ಎಸ್. ಪುರಂನ ಡಚ್ ತತ್ವಜ್ಞಾನದ ತರಗತಿ: ದುಡ್ಡಿಗೆ ಮೋಸವಿಲ್ಲ, ನೋಟ್ಸ್ ಮಾತ್ರ ಇಂಗ್ಲಿಷಿನಲ್ಲಿ

ತುಮಕೂರಿನಲ್ಲಿ ಭಾನುವಾರ ಸಂಜೆ ಎಲ್ಲಿಗೆ ಹೋಗುವುದು ಎಂದು ಯಾರಾದರೂ ಕೇಳಿದರೆ ಅಮಾನಿಕೆರೆ ಸುತ್ತಿ ಬನ್ನಿ, ಇಲ್ಲ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಿ ಅನ್ನುತ್ತಿದ್ದೆ. ಈಗ ಇನ್ನೊಂದು ಜಾಗ ಹೇಳಬಹುದು. ಎಸ್.ಎಸ್. ಪುರಂನಲ್ಲಿ ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ತತ್ವಶಾಸ್ತ್ರದ ಪಾಠ ನಡೆಸುತ್ತಾರೆ. ಬೋರ್ಡಿಲ್ಲ, ಹೆಸರೂ ಇಟ್ಟಿಲ್ಲ. ಒಂದು ಸರದಿಗೆ ಒಂದು ದೇಶ. ಈ ಸಲದ್ದು ನೆದರ್ಲೆಂಡ್ಸ್. ಫೀಸು ಎಂಟು ನೂರು ರೂಪಾಯಿ, ಕಾಲೇಜು ಮಕ್ಕಳಿಗೆ ಅರ್ಧ. ಕಾಫಿ, ನಿಪ್ಪಟ್ಟು ಅದರಲ್ಲೇ ಸೇರಿದೆ.

ನಾನು ತತ್ವಶಾಸ್ತ್ರ ಓದಿದವಳಲ್ಲ. ಕನ್ನಡಕದ ಅಂಗಡಿ ನಮ್ಮದು. ಮಾವನವರ ಕಾಲದಿಂದ ನಡೆದು ಬಂದದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಸ್ಪಿನೋಜಾ ಎಂಬ ದೊಡ್ಡ ತತ್ವಜ್ಞಾನಿ ಲೆನ್ಸ್ ಉಜ್ಜಿ ಹೊಟ್ಟೆ ಹೊರೆದ ಎಂದು ಎಲ್ಲೋ ಓದಿದ್ದೆ. ನಮ್ಮ ಕಸುಬಿನವನು ಏನು ಯೋಚಿಸಿರಬಹುದು ನೋಡೋಣ ಎಂದು ದುಡ್ಡು ಕಟ್ಟಿದೆ.

ಮೊದಲ ವಾರ ಎರಾಸ್ಮಸ್. ರಾಟರ್‌ಡ್ಯಾಮಿನಲ್ಲಿ ಹುಟ್ಟಿ 1536ರಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡವನು. ಮೇಷ್ಟ್ರು ಪಾಠ ಶುರು ಮಾಡಿದ್ದು ಗಾದೆಗಳಿಂದ. ಈ ಮನುಷ್ಯ ಗ್ರೀಕ್, ಲ್ಯಾಟಿನ್ ಗಾದೆಗಳನ್ನು ಸಂಗ್ರಹಿಸಿ 1500ರಲ್ಲಿ ಎಂಟು ನೂರು ಚಿಲ್ಲರೆ ಗಾದೆಗಳ ಪುಸ್ತಕ ಮಾಡಿದ. ಸಾಯುವ ಹೊತ್ತಿಗೆ ಅದು ನಾಲ್ಕು ಸಾವಿರ ದಾಟಿತ್ತು. ನೀವೂ ಒಂದೊಂದು ಹೇಳಿ ಎಂದಾಗ ಗುಬ್ಬಿಯಿಂದ ಬರುವ ಕೊಬ್ಬರಿ ವ್ಯಾಪಾರಿಯೊಬ್ಬರು ಎದ್ದು, ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅಂದರು. ಮೇಷ್ಟ್ರು ಅದನ್ನೇ ಹಿಡಿದುಕೊಂಡರು. ಎರಾಸ್ಮಸ್‌ನಷ್ಟು ಮಾತು ಬಲ್ಲವನು ಆ ಕಾಲಕ್ಕೆ ಇನ್ನೊಬ್ಬನಿರಲಿಲ್ಲ, ಆದರೂ ಎರಡೂ ಕಡೆಯವರ ಜಗಳ ಅವನಿಗೆ ತಪ್ಪಲಿಲ್ಲ. 1524ರಲ್ಲಿ, ರೋಮ್‌ನ ಚರ್ಚಿಗೆ ಎದುರು ನಿಂತಿದ್ದ ಲೂಥರ್ ವಿರುದ್ಧ, ಮನುಷ್ಯನಿಗೆ ಸ್ವಂತ ಇಚ್ಛೆಯ ಸ್ವಾತಂತ್ರ್ಯವಿದೆ ಎಂದು ಬರೆದ. ಅದಕ್ಕೆ ಆ ಕಡೆಯವರು ಬೈದರು. ಈ ಕಡೆ ರೋಮ್‌ನವರು 1559ರ ನಿಷೇಧದ ಪಟ್ಟಿಯಲ್ಲಿ ಅವನ ಪುಸ್ತಕಗಳನ್ನೆಲ್ಲ ಸೇರಿಸಿದರು. ಪಾಠ ಹಿಡಿಸಿತು.

ಎರಡನೆಯ ವಾರದ ಗ್ರೋಷಿಯಸ್‌ನ ಪಾಠಕ್ಕೆ ಕೋರ್ಟಿನ ವಕೀಲರು ನಾಲ್ಕಾರು ಮಂದಿ ಬಂದಿದ್ದರು. ಅಂತಾರಾಷ್ಟ್ರೀಯ ಕಾನೂನಿಗೆ ತಳಪಾಯ ಹಾಕಿದವನಲ್ಲವೇ. ದೇವರೇ ಇಲ್ಲ ಎಂದು ಒಪ್ಪಿಕೊಂಡರೂ ನ್ಯಾಯದ ನಿಯಮಗಳಿಗೆ ಬಲ ಇದ್ದೇ ಇರುತ್ತದೆ ಎಂದು 1625ರಲ್ಲಿ ಬರೆದವನು. ಆದರೆ ಎಲ್ಲರಿಗೂ ಇಷ್ಟವಾಗಿದ್ದು ಅವನು ಜೈಲಿನಿಂದ ತಪ್ಪಿಸಿಕೊಂಡ ಕಥೆ. 1619ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟು ಕೋಟೆಯೊಂದರಲ್ಲಿ ಕೂಡಿಹಾಕಿದರು. ಓದಲು ಪುಸ್ತಕದ ಪೆಟ್ಟಿಗೆ ಹೋಗಿ ಬಂದು ಮಾಡುತ್ತಿತ್ತು. ಕಾವಲಿನವರು ಬರಬರುತ್ತಾ ಪೆಟ್ಟಿಗೆ ತೆಗೆದು ನೋಡುವುದನ್ನೇ ಬಿಟ್ಟರು. ಹೆಂಡತಿ ಮರಿಯಾ ಇದನ್ನು ಗಮನಿಸಿ 1621ರಲ್ಲಿ ಗಂಡನನ್ನೇ ಪೆಟ್ಟಿಗೆಯೊಳಗೆ ಮಲಗಿಸಿ ಸಾಗಿಸಿದಳು. ತತ್ವಜ್ಞಾನಿ ಗಂಡ, ಬುದ್ಧಿ ಹೆಂಡತಿಯದು.

ಅವನೇ 1609ರಲ್ಲಿ ಸಮುದ್ರ ಯಾರೊಬ್ಬರ ಸ್ವತ್ತೂ ಅಲ್ಲ, ಪೂರ್ವದೇಶಗಳಿಗೆ ಅವರವರ ರಾಜರು, ಅವರವರ ಕಾನೂನು ಇವೆ, ಪೋರ್ಚುಗೀಸರಿಗೆ ಅಲ್ಲಿ ಹಕ್ಕಿಲ್ಲ ಎಂದು ವಾದಿಸಿದ್ದ. ಮೇಷ್ಟ್ರು ಇದನ್ನು ಹೊಗಳಿ ಮುಂದೆ ಹೋಗುತ್ತಿದ್ದಾಗ ಹಿಂದಿನ ಸಾಲಿನ ವಕೀಲರೊಬ್ಬರು, ‘ಸಾರ್, ಈ ವಕಾಲತ್ತು ಹಾಕಿದ್ದು ಯಾರ ಪರ?’ ಎಂದು ಕೇಳಿದರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಪರ. ಅದೇ ಕಂಪನಿ, ಗ್ರೋಷಿಯಸ್ ಪೆಟ್ಟಿಗೆಯಿಂದ ಹೊರಬಂದ ಅದೇ 1621ರಲ್ಲಿ, ಜಾಯಿಕಾಯಿ ವ್ಯಾಪಾರ ತನ್ನೊಬ್ಬಳದೇ ಆಗಬೇಕೆಂದು ಬಾಂಡಾ ದ್ವೀಪಗಳ ಜನರನ್ನು ಕೊಚ್ಚಿ ಹಾಕಿತು. ಮೇಷ್ಟ್ರು ತಲೆಯಾಡಿಸಿದರು, ನುಣುಚಿಕೊಳ್ಳಲಿಲ್ಲ. ಇದು ಈ ತರಗತಿಯ ಒಳ್ಳೆಯ ಗುಣ. ಯಾರು ಬೇಕಾದರೂ ಅಡ್ಡ ಬಾಯಿ ಹಾಕಬಹುದು.

ಇನ್ನು ಸ್ಪಿನೋಜಾ. ಮೊದಲ ದಿನ ನನಗೆ ಬೇಜಾರೇ ಆಯಿತು. 1632ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹುಟ್ಟಿದ್ದು, 1656ರಲ್ಲಿ, ಇಪ್ಪತ್ಮೂರನೆಯ ವಯಸ್ಸಿಗೆ, ಅವನ ಯಹೂದಿ ಸಮುದಾಯ ಬಹಿಷ್ಕಾರ ಹಾಕಿದ್ದು, 1677ರಲ್ಲಿ ನಲವತ್ನಾಲ್ಕಕ್ಕೆ ತೀರಿಕೊಂಡಿದ್ದು, ಎಲ್ಲವೂ ಪರದೆ ಮೇಲೆ ಇಂಗ್ಲಿಷಿನಲ್ಲಿ ಸರಸರ ಓಡಿತು. ‘ಜೀವನೋಪಾಯಕ್ಕೆ ಲೆನ್ಸ್ ಉಜ್ಜುತ್ತಿದ್ದರು’ ಎಂಬುದು ಒಂದೇ ಸಾಲು. ನಾನು ಕೈ ಎತ್ತಿ, ‘ಎಂಥ ಲೆನ್ಸು ಸಾರ್, ಹೇಗೆ ಉಜ್ಜುತ್ತಿದ್ದರು?’ ಅಂದೆ. ‘ಮುಂದಿನ ವಾರ ಹೇಳ್ತೀನಮ್ಮ’ ಅಂದರು. ತಪ್ಪಿಸಿಕೊಳ್ಳಲು ಹೇಳಿದ ಮಾತು ಅಂದುಕೊಂಡೆ, ಆದರೆ ಮುಂದಿನ ವಾರ ಪ್ರೊಜೆಕ್ಟರ್ ಹಾಕಲೇ ಇಲ್ಲ. ಕೈಯಲ್ಲೊಂದು ಕಾಗದ ಹಿಡಿದುಕೊಂಡು ಬಂದಿದ್ದರು.

ಆಗೆಲ್ಲ ಗಾಜಿನ ಬಿಲ್ಲೆಯನ್ನು ಒಂದು ಹಿಡಿಗೆ ಅಂಟಿಸಿ, ಬಟ್ಟಲಿನ ಹಾಗೆ ಬಾಗಿದ ಲೋಹದ ಅಚ್ಚಿನಲ್ಲಿ ನೀರು, ಸಾಣೆಪುಡಿ ಹಾಕಿ ತಿರುವಿ ತಿರುವಿ ಉಜ್ಜುತ್ತಿದ್ದರು. ಮೊದಲು ತರಿ ಪುಡಿ, ಆಮೇಲೆ ಸಣ್ಣದು, ಕೊನೆಗೆ ಪಾಲಿಶ್. ನಮ್ಮ ಅಂಗಡಿಗಳಲ್ಲಿ ಲೆನ್ಸಿನ ಮೈ ಉಜ್ಜುವುದಿಲ್ಲ. ಪವರ್ ಕೂರಿಸಿದ ಲೆನ್ಸು ಬೆಂಗಳೂರಿನಿಂದ ಬರುತ್ತದೆ, ನಾವು ಅಂಚು ಉಜ್ಜಿ ಫ್ರೇಮಿಗೆ ಫಿಟ್ಟಿಂಗ್ ಮಾಡುತ್ತೇವೆ. ಈಗ ಅದಕ್ಕೂ ಮೆಷಿನ್ ಬಂದಿದೆ. ಮಾವನವರು ತಿರುಗುವ ಒದ್ದೆ ಕಲ್ಲಿಗೆ ಲೆನ್ಸು ಹಿಡಿದು, ಹೆಬ್ಬೆರಳಲ್ಲಿ ಅಂಚು ಸವರಿ ನೋಡಿ, ಮತ್ತೆ ಹಿಡಿಯುತ್ತಿದ್ದರು. ಉಗುರಿನ ಸಂದಿಯಲ್ಲಿ ಸುಣ್ಣದಂಥ ಬಿಳಿ ಕೆಸರು ಯಾವಾಗಲೂ ಇರುತ್ತಿತ್ತು. ಸ್ಪಿನೋಜಾನ ಶ್ವಾಸಕೋಶದ ಕಾಯಿಲೆಯನ್ನು ಗಾಜಿನ ಪುಡಿ ಹೆಚ್ಚಿಸಿರಬಹುದು ಅನ್ನುತ್ತಾರೆ. ನೀರು ಹಾಕಿ ಉಜ್ಜುವಾಗ ಪುಡಿ ಏಳುವುದಿಲ್ಲ, ಕೆಸರು ಒಣಗಿದ ಮೇಲೆ ಮೇಜು ಒರೆಸುವಾಗ ಏಳುತ್ತದೆ. ಇದನ್ನು ನಾನು ಹೇಳಿದಾಗ ಮೇಷ್ಟ್ರು ಬರೆದುಕೊಂಡರು.

ಅವರು ತಂದಿದ್ದ ಕಾಗದ 1665ರಲ್ಲಿ ಸ್ಪಿನೋಜಾ ಲಂಡನ್ನಿನ ಗೆಳೆಯನಿಗೆ ಬರೆದ ಪತ್ರ. ಹೈಗನ್ಸ್ ಎಂಬ ವಿಜ್ಞಾನಿ ಲೆನ್ಸ್ ಉಜ್ಜಲು ಯಂತ್ರ ಮಾಡಿದ್ದಾನೆ, ಆದರೆ ಗೋಳಾಕಾರದ ಅಚ್ಚಿನಲ್ಲಿ ಯಾವ ಯಂತ್ರಕ್ಕಿಂತ ಬರಿಗೈಯೇ ವಾಸಿ ಎಂಬುದು ತನ್ನ ಅನುಭವ ಎಂದು ಅದರಲ್ಲಿದೆ. ಮೇಷ್ಟ್ರು ಅದನ್ನು ಅಲ್ಲೇ ಕನ್ನಡಕ್ಕೆ ಹೇಳುತ್ತಾ ಹೋದರು. ಆ ಒಂದು ಪತ್ರಕ್ಕೇ ಎಂಟು ನೂರು ಕೊಡಬಹುದಿತ್ತು.

ಅದೇ ದಿನ ‘ಎಥಿಕ್ಸ್’ ಪುಸ್ತಕವೂ ನಿಧಾನಕ್ಕೆ ಬಿಚ್ಚಿಕೊಂಡಿತು. ರೇಖಾಗಣಿತದಂತೆ ವ್ಯಾಖ್ಯೆ, ಸ್ವಯಂಸಿದ್ಧ ಸತ್ಯ, ಪ್ರಮೇಯ, ಸಾಧನೆ ಎಂದು ಕಟ್ಟಿದ ಪುಸ್ತಕ. ದೇವರು ಬೇರೆ, ಪ್ರಕೃತಿ ಬೇರೆ ಅಲ್ಲ. ಇರುವುದು ಒಂದೇ ದ್ರವ್ಯ, ನಾವೆಲ್ಲ ಅದರ ಬೇರೆ ಬೇರೆ ರೀತಿಗಳು. ಇಷ್ಟು ಹೇಳುವಷ್ಟರಲ್ಲಿ, ನಾನು ಕಾಯುತ್ತಿದ್ದ ಪ್ರಶ್ನೆ ಬಂತು: ‘ಇದು ನಮ್ಮ ಅದ್ವೈತವೇ ಅಲ್ವಾ ಸಾರ್?’ ಸಾಮಾನ್ಯವಾಗಿ ಭಾಷಣಕಾರರು ಇಲ್ಲಿ ಹೌದು ಹೌದು ಎಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಇವರು ಹಾಗೆ ಮಾಡಲಿಲ್ಲ. ಶಂಕರರಲ್ಲಿ ಪರಮಾರ್ಥಕ್ಕೆ ಬಂದಾಗ ಜಗತ್ತು ಮಿಥ್ಯೆ, ಸ್ಪಿನೋಜಾನಲ್ಲಿ ಈ ಮೇಜು, ಈ ಹಲ್ಲುನೋವು ಯಾವುದೂ ಮಿಥ್ಯೆಯಲ್ಲ, ಎಲ್ಲಕ್ಕೂ ಕಾರಣವುಂಟು, ಕಾರಣ ತಿಳಿದಷ್ಟೂ ಬಿಡುಗಡೆ ಎಂದರು.

ಒಂದು ಭಾವವನ್ನು ಬುದ್ಧಿಮಾತಿನಿಂದ ಓಡಿಸಲಾಗದು, ಅದಕ್ಕಿಂತ ಬಲವಾದ ಎದುರು ಭಾವ ಬೇಕು ಎಂದೂ ಅದರಲ್ಲಿದೆಯಂತೆ. ಇದಕ್ಕೆ ಪ್ರಮೇಯ ಬೇಡ, ನಮ್ಮ ಅಂಗಡಿಗೆ ಬನ್ನಿ. ಚಾಳೀಸು ಬಂದಿದೆ, ಕನ್ನಡಕ ಹಾಕಿ ಎಂದರೆ ಗಂಡಸರು ನಾಚಿಕೊಂಡು ವರ್ಷಗಟ್ಟಲೆ ಮುಂದೂಡುತ್ತಾರೆ. ಡಾಕ್ಟರು ಹೇಳಿದರೂ ಕೇಳುವುದಿಲ್ಲ. ಮೊಮ್ಮಗಳು ಮೊಬೈಲಿಗೆ ಕಳಿಸಿದ್ದನ್ನು ಓದಲಾಗಲಿಲ್ಲ ಎಂದ ದಿನ ತಾವಾಗಿಯೇ ಬಂದು ನಿಲ್ಲುತ್ತಾರೆ.

ಬಿ.ಎ. ಓದುವ ಹುಡುಗನೊಬ್ಬ, ‘ಸ್ಪಿನೋಜಾ ಡಚ್ ಭಾಷೆ ಬಿಟ್ಟು ಲ್ಯಾಟಿನ್‌ನಲ್ಲಿ ಯಾಕೆ ಬರೆದ ಸಾರ್?’ ಎಂದು ಕೇಳದಿದ್ದರೆ ಇಡೀ ಸರದಿಯ ಮುಖ್ಯ ವಿಷಯವೇ ಬಿಟ್ಟುಹೋಗುತ್ತಿತ್ತು. ವಿದ್ವಾಂಸರ ಭಾಷೆ ಅದೇ ಆಗಿತ್ತು ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ಆಡ್ರಿಯಾನ್ ಕೂರ್ಬಾಕ್. ಮೇಷ್ಟ್ರ ನೋಟ್ಸಿನಲ್ಲಿ ಇವನ ಹೆಸರೇ ಇಲ್ಲ! ಸ್ಪಿನೋಜಾನ ಬಳಗದವನು, ಕಾನೂನನ್ನೂ ವೈದ್ಯವನ್ನೂ ಓದಿದವನು. ಧರ್ಮದ, ಕಾನೂನಿನ ಕಠಿಣ ಪದಗಳಿಗೆ ಜನಸಾಮಾನ್ಯರ ಡಚ್ಚಿನಲ್ಲಿ ನೇರ ಅರ್ಥ ಹೇಳುವ ಪದಕೋಶವನ್ನು 1668ರಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ಗದ್ದಲವೆದ್ದಿತು. ಮುಂದಿನ ಪುಸ್ತಕ ಅಚ್ಚಿನಲ್ಲಿದ್ದಾಗ ಮುದ್ರಕನೇ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಹತ್ತು ವರ್ಷ ಸೆರೆವಾಸದ ಶಿಕ್ಷೆ ಬಿತ್ತು. 1669ರಲ್ಲಿ ಸೆರೆಯಲ್ಲೇ ಸತ್ತ. ಮರುವರ್ಷ, ಆಲೋಚಿಸುವ ಮತ್ತು ಆಡುವ ಸ್ವಾತಂತ್ರ್ಯದ ಪರವಾಗಿ ಸ್ಪಿನೋಜಾ ಪುಸ್ತಕ ತಂದಾಗ ಅದರ ಮೇಲೆ ಅವನ ಹೆಸರಿರಲಿಲ್ಲ, ಅಚ್ಚಾದ ಊರು ಹ್ಯಾಂಬರ್ಗ್ ಎಂದು ಸುಳ್ಳು ಹಾಕಿತ್ತು, ಭಾಷೆ ಲ್ಯಾಟಿನ್. 1671ರಲ್ಲಿ ಯಾರೋ ಅದನ್ನು ಡಚ್ಚಿಗೆ ತರುತ್ತಿದ್ದಾರೆ ಎಂದು ತಿಳಿದು, ದಯವಿಟ್ಟು ನಿಲ್ಲಿಸಿ ಎಂದು ಗೆಳೆಯನಿಗೆ ಬರೆದ. ಆದರೂ 1674ರಲ್ಲಿ ನಿಷೇಧ ಬಂತು.

ಹಾಲೆಂಡ್ ಸಹಿಷ್ಣು ದೇಶ ಎಂದು ಮೇಷ್ಟ್ರು ವಾರವಾರವೂ ಹೇಳುತ್ತಿದ್ದರು. ಈ ಲೆಕ್ಕ ನೋಡಿದರೆ, ಓದಿದ ನಾಲ್ಕು ಜನ ಒಳಗೊಳಗೇ ಮಾತಾಡಿಕೊಳ್ಳುವುದಕ್ಕೆ ಅಲ್ಲಿ ಸಹನೆ ಇತ್ತು, ಬೀದಿಯವನಿಗೆ ತಿಳಿಯುವಂತೆ ಹೇಳಿದರೆ ಇರಲಿಲ್ಲ.

ನನ್ನ ದೊಡ್ಡ ದೂರು ಇಲ್ಲಿಂದಲೇ ಹುಟ್ಟಿದ್ದು. ಕೊಟ್ಟ ಸ್ಪೈರಲ್ ಬೈಂಡಿಂಗ್ ನೋಟ್ಸ್ ಪೂರ್ತಿ ಇಂಗ್ಲಿಷ್. ಕೇಳಿದ್ದಕ್ಕೆ, ‘ಪರಿಭಾಷೆ ತೊಂದರೆ ಆಗುತ್ತಮ್ಮ’ ಅಂದರು. ಯಾವ ತೊಂದರೆ? ವಾರಕ್ಕೆ ಎರಡು ತಾಸು ಕನ್ನಡದಲ್ಲಿ ದ್ರವ್ಯ, ಗುಣ, ಕಾರಣ ಎಂದು ಒಂದು ಕಡೆಯೂ ಎಡವದೆ ಮಾತಾಡಿದವರು ಅವರೇ. ನಮ್ಮ ಜಿಲ್ಲೆಯ ಎಡೆಯೂರು ಸಿದ್ಧಲಿಂಗೇಶ್ವರರು ಷಟ್‌ಸ್ಥಲದ ಸೂಕ್ಷ್ಮವನ್ನೆಲ್ಲ ಕನ್ನಡ ವಚನಗಳಲ್ಲಿ ಹೇಳಿಟ್ಟಿದ್ದಾರೆ. ಅರ್ಧ ಫೀಸಿನಲ್ಲಿ ಬರುವ ಹುಡುಗರು ಆ ನೋಟ್ಸನ್ನು ತೆರೆದದ್ದು ನಾನು ನೋಡಿಲ್ಲ. ಕೊಬ್ಬರಿ ವ್ಯಾಪಾರಿಗಳಂತೂ ಅದನ್ನು ಬೀಸಣಿಗೆ ಮಾಡಿಕೊಂಡಿದ್ದರು.

ಎರಡನೆಯ ದೂರು ಆನಾ ಮರಿಯಾ ಫಾನ್ ಸ್ಖೂರ್‌ಮನ್‌ಗೆ ಹತ್ತೇ ನಿಮಿಷ ಕೊಟ್ಟಿದ್ದು. 1636ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದ ಉದ್ಘಾಟನೆಗೆ ಪದ್ಯ ಬರೆದುಕೊಡು ಎಂದರೆ, ಹೆಂಗಸರನ್ನು ಯಾಕೆ ಒಳಗೆ ಬಿಡುವುದಿಲ್ಲ ಎಂದು ಆ ಪದ್ಯದಲ್ಲೇ ಕೇಳಿದವಳು. ಆಮೇಲೆ ಒಳಗೆ ಬಿಟ್ಟರು, ಗಂಡುಹುಡುಗರಿಗೆ ಕಾಣದಂತೆ ಮರೆಯಲ್ಲಿ ಕೂರಿಸಿ. ಹೆಂಗಸರು ವಿದ್ಯೆ ಕಲಿಯಬೇಕೆಂದು ತರ್ಕದ ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ಪುಸ್ತಕ ಬರೆದಳು. ಆ ವಾರ ಕರೆಂಟು ಹೋಗಿತ್ತು ಎನ್ನುವುದು ನೆಪ. ಗ್ರೋಷಿಯಸ್‌ಗೂ ಹೋಗಿತ್ತು, ಅವನಿಗೆ ಮೇಣದಬತ್ತಿ ಹಚ್ಚಿದ್ದರು.

ಮ್ಯಾಂಡೆವಿಲ್‌ನ ಜೇನುಗೂಡಿನ ಕಥೆ ಮಜವಾಗಿತ್ತು. ಒಬ್ಬೊಬ್ಬರ ದುರಾಸೆಯೇ ಊರಿನ ವ್ಯಾಪಾರ ನಡೆಸುತ್ತದೆ ಎಂದದ್ದಕ್ಕೆ ಮಂಡಿಯವರೆಲ್ಲ ನಕ್ಕರು. ಬ್ರೌವರ್‌ನ ಗಣಿತದ ತತ್ವ ಯಾರಿಗೂ ಹತ್ತಲಿಲ್ಲ, ಅದನ್ನು ಬಿಟ್ಟರೂ ನಡೆಯುತ್ತದೆ.

ಕೊನೆಯ ವಾರ ಭಾರತವನ್ನು ಓದಿದ ಡಚ್ಚರು. ಆಟವಿಲ್ಲದೆ ಸಂಸ್ಕೃತಿಯಿಲ್ಲ ಎಂದು 1938ರಲ್ಲಿ ಬರೆದ ಹೈಸಿಂಗಾ, 1897ರಲ್ಲಿ ಡಾಕ್ಟರೇಟ್ ಮಾಡಿದ್ದು ಸಂಸ್ಕೃತ ನಾಟಕದ ವಿದೂಷಕನ ಮೇಲೆ. ಫ್ರಿಟ್ಸ್ ಸ್ಟಾಲ್ 1975ರಲ್ಲಿ ಕೇರಳದ ಪಾಂಜಾಳ್‌ನಲ್ಲಿ ನಂಬೂದಿರಿಗಳು ಮಾಡಿದ ಅಗ್ನಿಚಯನವನ್ನು ಪೂರ್ತಿ ದಾಖಲಿಸಿ, ಯಜ್ಞವೆಂದರೆ ನಿಯಮಗಳ ಸರಣಿ, ಅದಕ್ಕೆ ಅರ್ಥ ಹುಡುಕಬೇಡಿ ಎಂದವನು. ‘ಮಂತ್ರಕ್ಕೆ ಅರ್ಥ ಇಲ್ಲ ಅನ್ನೋಕೆ ಇವನ್ಯಾರು?’ ಎಂದು ಪೌರೋಹಿತ್ಯ ಮಾಡುವವರೊಬ್ಬರು ಎದ್ದು ನಿಂತರು. ಮೇಷ್ಟ್ರು ಮೆತ್ತಗೆ, ‘ಸ್ವಾಮಿ, ಈ ಮಾತು ನಮ್ಮ ಕೌತ್ಸ ಮೊದಲೇ ಹೇಳಿದ್ದ. ಯಾಸ್ಕರು ವೇದದ ಪದಗಳಿಗೆ ಅರ್ಥ ಹೇಳುವ ನಿರುಕ್ತದಲ್ಲಿ ಅದನ್ನು ಎತ್ತಿಕೊಂಡು ಖಂಡಿಸಿದ್ದಾರೆ. ನೀವು ಯಾಸ್ಕರ ಪಕ್ಷ’ ಎಂದರು. ಅವರು ಕೂತರು, ಆದರೆ ಸುಮ್ಮನಾಗಲಿಲ್ಲ. ಚರ್ಚೆ ಮೆಟ್ಟಿಲಿಳಿದು ಜೆರಾಕ್ಸ್ ಅಂಗಡಿ ಮುಂದೆಯೂ ನಡೆಯಿತು.

ಹೋಗುವವರಿಗೆ ಕೆಲವು ವಿಷಯ. ನಾಲ್ಕು ಗಂಟೆ ಎಂದರೆ ನಾಲ್ಕೂಕಾಲು. ಮೆಟ್ಟಿಲಿಗೆ ಒಂದು ಕಡೆ ಹಿಡಿಕೆ ಇಲ್ಲ, ಮಂಡಿನೋವಿನವರು ಜೊತೆಗೆ ಯಾರನ್ನಾದರೂ ಕರೆತನ್ನಿ. ಫ್ಯಾನು ಇರುವುದು ಮುಂದಿನ ಎರಡು ಸಾಲಿಗೆ ಮಾತ್ರ, ಹಿಂದೆ ಸೊಳ್ಳೆ. ಕಾಫಿ ಚೆನ್ನಾಗಿದೆ. ಪರದೆಯ ಅಕ್ಷರ ಕೊನೆ ಸಾಲಿಗೆ ಕಾಣುವುದಿಲ್ಲ. ಕಣ್ಣಿನ ಪವರ್ ಹೆಚ್ಚಾಗಿದೆ ಎಂದುಕೊಳ್ಳಬೇಡಿ, ಅಕ್ಷರವೇ ಸಣ್ಣದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ಸರದಿ ಜರ್ಮನಿಯಂತೆ. ನಾನಿನ್ನೂ ದುಡ್ಡು ಕಟ್ಟಿಲ್ಲ. ನೋಟ್ಸ್ ಕನ್ನಡದಲ್ಲಿ ಕೊಡುತ್ತೀರಾದರೆ ಕಟ್ಟುತ್ತೇನೆ, ಬೇಕಿದ್ದರೆ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ನಾನೇ ಟೈಪ್ ಮಾಡಿಕೊಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ‘ನೋಡೋಣಮ್ಮ’ ಅಂದಿದ್ದಾರೆ.