ನುಡಿಯ ಬಗೆಗಿನ ಮೂರು ಓದು: ಒಂದು ವರ್ಷದ ಹೋಲಿಕೆ

ಭಾಷೆಯ ಬಗ್ಗೆ ಸಾಮಾನ್ಯ ಓದುಗರಿಗೆ ದಕ್ಕುವ ಓದು ಬೇಕೆಂದು ಕಳೆದ ವರ್ಷ ಮೂರನ್ನು ಜೊತೆಯಾಗಿ ಓದಿದೆ: ವಿದೇಶದಿಂದ ಅಂಚೆಯಲ್ಲಿ ಬರುವ ಇಂಗ್ಲಿಷ್ ತ್ರೈಮಾಸಿಕ, 2001ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ‘ಲಾಂಗ್ವೇಜ್ ಇನ್ ಇಂಡಿಯಾ’ ಮಾಸಿಕ ಹಾಗೂ ಪ್ರಜಾವಾಣಿಯಲ್ಲಿ 1991ರಲ್ಲಿ ಆರಂಭವಾದ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ ಅಂಕಣದ ಪುಸ್ತಕರೂಪ. ಕೊನೆಯದು ಪತ್ರಿಕೆಯಲ್ಲವೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೂ ನನ್ನ ಒಲವು ಮೊದಲಿನಿಂದಲೂ ಅದರ ಕಡೆಗೇ.

ತ್ರೈಮಾಸಿಕ ನನ್ನನ್ನು ಸೋಲಿಸಿದ್ದು ವಿಳಾಸದಲ್ಲಿ. ಮೈಸೂರಿನ ಕುವೆಂಪುನಗರದ ವಿಳಾಸವೆಂದರೆ ಮನೆ ಸಂಖ್ಯೆ, ಕ್ರಾಸ್, ಮೇನ್, ಬ್ಲಾಕ್ ಎಲ್ಲವೂ ಸೇರಬೇಕು. ಚಂದಾ ನಮೂನೆಯಾದರೋ ಸಾಲಿಗೆ ಇಷ್ಟೇ ಅಕ್ಷರವೆಂದು ಮಿತಿ ಹಾಕಿಕೊಂಡು, ಮಿಕ್ಕದ್ದನ್ನು ಸದ್ದಿಲ್ಲದೆ ಕತ್ತರಿಸಿತ್ತು. ಕ್ರಾಸಿನ ಸಂಖ್ಯೆಯೇ ಹಾರಿಹೋದದ್ದರಿಂದ ಮೊದಲ ಸಂಚಿಕೆ ಮುಂದಿನ ಕ್ರಾಸಿನಲ್ಲಿರುವ ಅದೇ ಸಂಖ್ಯೆಯ ಮನೆಗೆ ಹೋಗಿ, ಅಲ್ಲಿ ಜಾಹೀರಾತೆಂದು ರದ್ದಿಯ ಕಟ್ಟು ಸೇರಿತು.

ಎರಡನೆಯದು ಬಂದದ್ದು ನಮ್ಮ ಬೀದಿಯ ಅಂಚೆಯಣ್ಣನಿಗೆ ನನ್ನ ಹೆಸರು ಗೊತ್ತಿದ್ದುದರಿಂದ ಮಾತ್ರ. ಮೂರು ಬಾರಿ ಪತ್ರ ಬರೆದೆ. ಮೂರು ಬಾರಿಯೂ ‘ನಿಮ್ಮ ವಿಳಾಸ ಪೂರ್ಣವಾಗಿದೆ’ ಎಂಬ ಉತ್ತರ ಬಂದಿತು. ಭಾಷೆಯನ್ನೇ ಬಂಡವಾಳ ಮಾಡಿಕೊಂಡವರಿಗೆ ‘ಕ್ರಾಸ್’ ಎಂಬ ಪದ ನಮ್ಮಲ್ಲಿ ಏನು ಕೆಲಸ ಮಾಡುತ್ತದೆಂದು ತಿಳಿಸಲು ನನ್ನಿಂದಾಗಲಿಲ್ಲ.

ಕೈಸೇರಿದ ಸಂಚಿಕೆ ಸೊಗಸಾಗಿತ್ತೆಂಬುದನ್ನು ಮರೆಮಾಚಲಾರೆ. ಲ್ಯಾಟಿನ್ನಿನ ‘ಪಾತೆರ್’ ಇಂಗ್ಲಿಷಿನ ‘ಫಾದರ್’ಗೆ ನಂಟಾಗುವುದು ಹೇಗೆಂಬ ಲೇಖನ ಓದುವಾಗ, ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಗಿ, ಮಂಡ್ಯದ ನಮ್ಮ ಸೋದರತ್ತೆಯ ಬಾಯಲ್ಲಿ ‘ಆಲು’ ಆದದ್ದು ನೆನಪಾಯಿತು. ಆದರೆ ಆ ನಂಟನ್ನು ಜೋಡಿಸಿಕೊಳ್ಳುವ ದುಡಿಮೆಯೆಲ್ಲ ನನ್ನದೇ ಆಗಿತ್ತು.

‘ಇಗೋ ಕನ್ನಡ’ದಲ್ಲಿ ಆ ದುಡಿಮೆ ಬೇಕಿಲ್ಲ. ಪ್ರಶ್ನೆ ಕೇಳಿದವರು ನಮ್ಮಂಥ ಓದುಗರು; ಉತ್ತರಿಸಿದವರು 1913ರಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಹುಟ್ಟಿ, ಮಂಡ್ಯದಲ್ಲಿ ಪಾಠ ಹೇಳಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ಮುನ್ನಡೆಸಿದವರು. ಬೆಳಗಿನ ಕಾಫಿ ಆರುವುದರೊಳಗೆ ಎರಡು ಪದಗಳ ವಿಚಾರ ಮುಗಿಯುತ್ತದೆ.

‘ಲಾಂಗ್ವೇಜ್ ಇನ್ ಇಂಡಿಯಾ’ ಸಂಶೋಧನೆ ಮಾಡುವವರಿಗೆ ಒದಗುತ್ತದೆ; ಪರದೆಯ ಮೇಲೆ ದೀರ್ಘ ಪ್ರಬಂಧ ಓದಲು ನನ್ನ ಕಣ್ಣು ಒಪ್ಪುವುದಿಲ್ಲ.

ಪಿಂಚಣಿಯಲ್ಲಿ ಬದುಕುವ ನನಗೆ ಪತ್ರಿಕೆಯ ಬೆಲೆಗಿಂತ ಅಂಚೆವೆಚ್ಚವೇ ಹೆಚ್ಚಾದ ಚಂದಾವನ್ನು ಮುಂದುವರಿಸುವ ಮನಸ್ಸಾಗಲಿಲ್ಲ. ವಿಳಾಸ ಒಂದೇ ಸಾಲಿನಲ್ಲಿ ಹಿಡಿಸುವವರು ಬೇಕಾದರೆ ತರಿಸಿಕೊಳ್ಳಬಹುದು.